ಒಂದು ಸಂಸಾರ, ಎರಡು ಫೈಲು: ನಮ್ಮ ಭಾಗದಿಂದ ಶಿಕ್ಷಕರಾಗಿ ವಿದೇಶಕ್ಕೆ ಹೊರಡುವ ದಂಪತಿಗಳಿಗೆ ಸಮಗ್ರ ಮಾರ್ಗದರ್ಶಿ

2023ರ ಮಾರ್ಚ್ ಕೊನೆಗೆ ನಾನು ಶಾರ್ಜಾಕ್ಕೆ ಹೊರಟ ದಿನ ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮತ್ತೆ ಒಂದೇ ಮಾತು ಕೇಳಿದರು: “ಅಂವಾ ಯಾವಾಗ ಬರ್ತಾನವ್ವಾ?” ಅವರ ಮಗ, ಅಂದರೆ ನಮ್ಮ ಮನೆಯವರು, ಪಕ್ಕದಲ್ಲೇ ನನ್ನ ಬ್ಯಾಗು ಹಿಡಿದು ನಿಂತಿದ್ದರು. ನಮ್ಮಿಬ್ಬರ ಬಳಿಯೂ ಉತ್ತರವಿರಲಿಲ್ಲ. ಜೂನ್‌ನಲ್ಲಿ ಬರುತ್ತಾರೆ ಅಂದುಕೊಂಡಿದ್ದೆವು, ಬಂದದ್ದು ನವೆಂಬರ್‌ನಲ್ಲಿ. ಆ ಎಂಟು ತಿಂಗಳು ನಾನು ಅಲ್ಲಿ, ಅವರು ಇಲ್ಲಿ. ಕಾರಣ ಇಷ್ಟೇ: ನನ್ನ ಕಾಗದಪತ್ರಗಳನ್ನು ಒಂದೂವರೆ ವರ್ಷದಿಂದ ಜೋಡಿಸಿಕೊಂಡು ಬಂದಿದ್ದೆವು, ಅವರದನ್ನು ಯಾರೂ ಮುಟ್ಟಿರಲಿಲ್ಲ.

ನಾನು ಗಣಿತ ಶಿಕ್ಷಕಿ, ಗಂಗಾವತಿಯವಳು. ಅವರು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಿದ್ದರು. ಆಮೇಲೆ ಸಿಂಧನೂರು, ಸಿರುಗುಪ್ಪ, ಕುಷ್ಟಗಿ ಕಡೆಯ ಅನೇಕ ಶಿಕ್ಷಕರು ಫೋನ್ ಮಾಡಿ ಕೇಳಿದ್ದಾರೆ. ಎಲ್ಲರೂ ಕೇಳುವುದು ‘ಕೆಲಸ ಹೇಗೆ ಸಿಗ್ತದ?’ ಅಂತ. ಜೊತೆಗೆ ಬರುವವರ ವಿಚಾರ ಕೇಳುವವರು ಕಡಿಮೆ. ಶಾಲೆ ನೇಮಿಸಿಕೊಳ್ಳುವುದು ಒಬ್ಬರನ್ನು, ಊರು ಬಿಡುವುದು ಇಬ್ಬರು. ಹಾಗಾಗಿ ಮೊದಲ ದಿನದಿಂದಲೇ ಎರಡು ಫೈಲು ಮಾಡಿ, ಎರಡನ್ನೂ ಒಟ್ಟಿಗೆ ಮುಂದಕ್ಕೆ ತಳ್ಳಿ. ಕೆಳಗಿನ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಹೆಜ್ಜೆ 1: ಯಾರ ವೀಸಾದ ಮೇಲೆ ಯಾರು?

ದೇಶ ಯಾವುದು ಅನ್ನುವುದಕ್ಕಿಂತ ಮೊದಲು ಇದನ್ನು ಕೂತು ಮಾತಾಡಿ. ದಾರಿ ಮೂರಿವೆ. ಒಬ್ಬರು ಶಿಕ್ಷಕರಾಗಿ ಹೋಗಿ ಇನ್ನೊಬ್ಬರನ್ನು ಅವಲಂಬಿತರ ವೀಸಾದ ಮೇಲೆ ಕರೆಸಿಕೊಳ್ಳುವುದು ಒಂದು. ಇಬ್ಬರೂ ತಮ್ಮ ತಮ್ಮ ಕೆಲಸದ ವೀಸಾದ ಮೇಲೆ ಹೋಗುವುದು ಇನ್ನೊಂದು. ಇಬ್ಬರೂ ಶಿಕ್ಷಕರಾಗಿದ್ದು ಒಂದೇ ಶಾಲೆ ಇಬ್ಬರನ್ನೂ ತೆಗೆದುಕೊಳ್ಳುವುದು ಮೂರನೆಯದು.

ಶಾರ್ಜಾ ಇರುವ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಗಂಡ ಹೆಂಡತಿಯನ್ನು ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 4,000 ದಿರ್ಹಮ್ ಸಂಬಳ ಬೇಕು, ಇಲ್ಲವೇ 3,000 ದಿರ್ಹಮ್ ಮತ್ತು ಕೆಲಸ ಕೊಟ್ಟವರ ವಸತಿ. ಹೆಂಡತಿ ಗಂಡನನ್ನು ಕರೆಸಿಕೊಳ್ಳುವಾಗ ಈ ಮಿತಿ ಬಹಳ ಮೇಲಕ್ಕೆ ಹೋಗುತ್ತದೆ. ನನಗೆ ಹೇಳಿದ್ದು 10,000 ದಿರ್ಹಮ್. ಭಾರತೀಯ ಪಠ್ಯಕ್ರಮದ ಶಾಲೆಯಲ್ಲಿ ನನ್ನ ಸಂಬಳ 3,800. ಇದನ್ನು ನಾನು ತಿಳಿದದ್ದು ಶಾರ್ಜಾ ತಲುಪಿದ ಎರಡನೇ ವಾರ, ಶಾಲೆಯ ಆಫೀಸಿನಲ್ಲಿ. ನಮ್ಮ ಭಾಗದಲ್ಲಿ ಬಿ.ಎಡ್ ಮಾಡಿದ ಹೆಣ್ಣುಮಕ್ಕಳು ತುಂಬ ಇದ್ದಾರೆ, ಕೊಲ್ಲಿಯ ಶಾಲೆಗಳು ಕರೆಯುವುದೂ ಹೆಚ್ಚಾಗಿ ಅವರನ್ನೇ. ಆದ್ದರಿಂದ ಹೆಂಡತಿಯ ಕೆಲಸದ ಮೇಲೆ ಹೊರಡುವ ಮನೆಗಳು ಗಂಡನಿಗೆ ಸ್ವಂತ ಕೆಲಸದ ವೀಸಾ ಬೇಕಾಗುತ್ತದೆ ಎಂದೇ ಲೆಕ್ಕ ಹಾಕಿ ಹೊರಡಬೇಕು.

ಇಬ್ಬರೂ ಶಿಕ್ಷಕರಾಗಿದ್ದರೆ ಶಾಲೆಗಳಿಗೆ ಖುಷಿಯೇ, ಒಂದೇ ಮನೆ ಕೊಟ್ಟರೆ ಸಾಕಲ್ಲ. ಆದರೆ ಒಂದು ಮಾತು ಬಿಡಿಸಿ ಕೇಳಿ. ಹೆಂಡತಿಯನ್ನು ಗಂಡನ ವೀಸಾದ ಮೇಲೆ ಇಟ್ಟು, ಶಾಲೆ ಬರೀ ಕೆಲಸದ ಪರ್ಮಿಟ್ ಮಾಡಿಸುವ ರೂಢಿ ಕೊಲ್ಲಿಯಲ್ಲಿದೆ. ಹಾಗೆ ಮಾಡಿದಾಗ ಆಕೆಯ ವಿಮಾನದ ಟಿಕೆಟ್, ವಸತಿ ಭತ್ಯೆ ಎಷ್ಟೋ ಸಲ ಕೈಬಿಟ್ಟು ಹೋಗುತ್ತವೆ. ಪಾಠ ಇಬ್ಬರದೂ ಅಷ್ಟೇ, ಕೈಗೆ ಬರುವುದು ಬೇರೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ತಿಳಿದು ಒಪ್ಪಿ.

ಇಂಗ್ಲೆಂಡಿನ ದಾರಿ ಬೇರೆ ಥರ. 2023ರ ಫೆಬ್ರವರಿಯಿಂದ ಭಾರತದ ಶಿಕ್ಷಕರೂ ಅಲ್ಲಿನ ಅರ್ಹ ಶಿಕ್ಷಕ ಮಾನ್ಯತೆಗೆ ಇಲ್ಲಿಂದಲೇ ನೇರವಾಗಿ ಅರ್ಜಿ ಹಾಕಬಹುದು. ಆದರೆ 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ತರಬೇತಿ ಆದವರಿಗೆ ಮಾತ್ರ. ಸಮಾಜ ವಿಜ್ಞಾನದವರಿಗೆ ಈ ಬಾಗಿಲು ತೆರೆದಿಲ್ಲ. ಶಿಕ್ಷಕರ ವೀಸಾದ ಮೇಲೆ ಸಂಗಾತಿಯನ್ನು ಕರೆದುಕೊಂಡು ಹೋಗಬಹುದು, ಹಾಗೆ ಹೋದವರು ಅಲ್ಲಿ ಕೆಲಸವನ್ನೂ ಮಾಡಬಹುದು. ದಂಪತಿಗಳಿಗೆ ಇದು ದೊಡ್ಡ ಅನುಕೂಲ. ಖರ್ಚು ಮಾತ್ರ ಮುಂಚೆಯೇ ಬೀಳುತ್ತದೆ: ವೀಸಾ ಶುಲ್ಕವಲ್ಲದೆ ಆರೋಗ್ಯ ಶುಲ್ಕವೆಂದು ತಲೆಗೆ ವರ್ಷಕ್ಕೆ 1,035 ಪೌಂಡ್, ಅದನ್ನೂ ವೀಸಾದ ಪೂರ್ತಿ ಅವಧಿಗೆ ಒಮ್ಮೆಲೇ ಕಟ್ಟಬೇಕು. ಇಬ್ಬರದು, ಮೂರು ವರ್ಷದ್ದು ಅಂದರೆ 6,210 ಪೌಂಡ್. ಕ್ಷಯದ ಪರೀಕ್ಷೆ ಇಬ್ಬರಿಗೂ ಆಗಬೇಕು. ಸಾಲ ಮಾಡದೆ ಇಷ್ಟು ಕೂಡಿಸಬಲ್ಲ ಮನೆಗಳು ಮಾತ್ರ ಈ ದಾರಿ ಹಿಡಿಯಲಿ ಎಂಬುದು ನನ್ನ ಅಭಿಪ್ರಾಯ. ನನಗೆ ಒಳಗಿನಿಂದ ಗೊತ್ತಿರುವುದು ಕೊಲ್ಲಿ, ಆದ್ದರಿಂದ ಮುಂದೆ ಹೆಚ್ಚಾಗಿ ಅದನ್ನೇ ಹೇಳುತ್ತೇನೆ.

ಹೆಜ್ಜೆ 2: ಹೆಸರು, ಊರು, ಜಿಲ್ಲೆ ಒಂದಾಗಲಿ

ಎಲ್ಲ ಕಾಗದಗಳನ್ನೂ ನೆಲದ ಮೇಲೆ ಹರಡಿ ಕೂತುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ, ಡಿಗ್ರಿ, ಬಿ.ಎಡ್, ಆಧಾರ್, ಪ್ಯಾನ್, ಮದುವೆ ಪ್ರಮಾಣಪತ್ರ. ಒಂದು ಹಾಳೆಯಲ್ಲಿ ಪ್ರತಿಯೊಂದರಲ್ಲೂ ಹೆಸರು ಹೇಗಿದೆಯೋ ಹಾಗೇ, ಇಂಗ್ಲಿಷ್ ಅಕ್ಷರ ಅಕ್ಷರವಾಗಿ ಬರೆಯಿರಿ. ಒಂದರಲ್ಲಿ ಬಸವರಾಜ, ಇನ್ನೊಂದರಲ್ಲಿ ಬಸವರಾಜು. ಒಂದರಲ್ಲಿ ಇನಿಷಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಊರಲ್ಲಿ ಇದು ಯಾರಿಗೂ ಲೆಕ್ಕಕ್ಕೆ ಬರುವುದಿಲ್ಲ, ಪರದೇಶದ ಕಂಪ್ಯೂಟರಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು.

ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಬರೆಸಿ. ‘ಸರ್‌ನೇಮ್’ ಕಾಲಂ ಖಾಲಿ ಬಿಡಬೇಡಿ. 2022ರ ನವೆಂಬರ್‌ನಿಂದ ಎಮಿರೇಟ್ಸ್‌ನವರು ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿನವರ ಪ್ರವೇಶಕ್ಕೆ ಬಿಗಿ ಮಾಡಿದ್ದಾರೆ. ನಮ್ಮಲ್ಲಿ ಮನೆತನದ ಹೆಸರು ಬರೆಯದ ಮನೆಗಳು ಬೇಕಾದಷ್ಟಿವೆ. ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಒಂದನ್ನು ಆರಿಸಿ ಎಲ್ಲ ಕಡೆ ಅದನ್ನೇ ಹಿಡಿಯಿರಿ. ಮದುವೆಯಾದ ಮೇಲೆ ಹೆಣ್ಣುಮಕ್ಕಳು ಹೆಸರು ಬದಲಿಸುವುದಾದರೆ ಡಿಗ್ರಿಗೂ ಪಾಸ್‌ಪೋರ್ಟಿಗೂ ತಾಳೆ ಬೀಳದ ತಲೆನೋವು ಶುರುವಾಗುತ್ತದೆ. ಓದಿದ ಹೆಸರಲ್ಲೇ ಪಾಸ್‌ಪೋರ್ಟ್ ಮಾಡಿಸಿ, ಗಂಡನ ಹೆಸರು ಸಂಗಾತಿಯ ಕಾಲಂನಲ್ಲಿ ಬಂದರೆ ಸಾಕು.

ಜಿಲ್ಲೆಯ ಗೊಂದಲ ನಮ್ಮ ಭಾಗಕ್ಕೇ ವಿಶೇಷ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಮುಂಚೆ ಗಂಗಾವತಿಯಲ್ಲೋ ಯಲಬುರ್ಗದಲ್ಲೋ ಹುಟ್ಟಿದವರ ಹಳೆಯ ದಾಖಲೆಯಲ್ಲಿ ರಾಯಚೂರು ಜಿಲ್ಲೆ ಅಂತಿರುತ್ತದೆ. ಹೊಸಪೇಟೆಯವರ ಎಲ್ಲ ಹಳೆಯ ಕಾಗದದಲ್ಲೂ ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಸಾಲದ್ದಕ್ಕೆ 2014ರ ನವೆಂಬರ್ 1ರಿಂದ ಬಳ್ಳಾರಿ, ಕಲಬುರಗಿಯ ಇಂಗ್ಲಿಷ್ ಕಾಗುಣಿತವೇ ಬದಲಾಯಿತು. ಇದಕ್ಕೆ ಯಾವ ತಿದ್ದುಪಡಿಯೂ ಬೇಡ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಈಗಿನ ಜಿಲ್ಲೆ, ಈಗಿನ ಕಾಗುಣಿತ ಬರೆಯಿರಿ. ವಿದೇಶದ ಆಫೀಸಿನವರು ‘ಇದೇನು ಎರಡು ಊರು?’ ಅಂತ ಕೇಳಿದರೆ ತೋರಿಸಲು ಜಿಲ್ಲೆ ವಿಭಜನೆಯ ವಿವರವನ್ನು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಫೈಲಿನಲ್ಲಿ ಇಟ್ಟುಕೊಳ್ಳಿ. ನನ್ನನ್ನು ಕೇಳಿದರು.

ಹೆಜ್ಜೆ 3: ಪಾಸ್‌ಪೋರ್ಟ್

ಇದರಲ್ಲಿ ಕಷ್ಟವೇನಿಲ್ಲ. ಅರ್ಜಿ ಆನ್‌ಲೈನ್, 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2,000. ಆಮೇಲೆ ಠಾಣೆಯಿಂದ ಪರಿಶೀಲನೆಗೆ ಬರುತ್ತಾರೆ. ಇಬ್ಬರದನ್ನೂ ಒಂದೇ ದಿನ ಹಾಕಿ. ಶಿಕ್ಷಕರಿಗೆ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವೂ ಬೇಕಾಗುತ್ತದೆ, ಅದೂ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲೇ, 500 ರೂಪಾಯಿ. ಅದನ್ನು ಮಾತ್ರ ಮುಂಚೆ ಮಾಡಿಸಬೇಡಿ, ಕೆಲಸದ ಪತ್ರ ಕೈಗೆ ಬಂದ ಮೇಲೆ ಮಾಡಿಸಿ. ಹಳೆಯದಾದರೆ ಮತ್ತೆ ಹೊಸದು ಕೇಳುತ್ತಾರೆ.

ಎಸ್ಸೆಸ್ಸೆಲ್ಸಿ ಪಾಸಾದವರಿಗೆ ವಲಸೆ ತಪಾಸಣೆಯ ಮುದ್ರೆ ಇಲ್ಲದ ಪಾಸ್‌ಪೋರ್ಟ್ ಸಿಗುತ್ತದೆ. ಶಿಕ್ಷಕರಿಗೆ ತೊಂದರೆ ಇಲ್ಲ. ಆದರೆ ಸಂಗಾತಿ ಹತ್ತನೇ ತರಗತಿ ಮುಗಿಸಿರದೆ, ಕೊಲ್ಲಿಗೆ ಸ್ವಂತ ಕೆಲಸದ ಮೇಲೆ ಹೋಗುವುದಾದರೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್ ಮೂಲಕ ವಲಸೆ ಅನುಮತಿ ಪಡೆಯಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಅವರಿಗೆ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ ಕಂತು, 10 ಲಕ್ಷದ ವಿಮೆ. ಕಡ್ಡಾಯವಲ್ಲದವರೂ ಮಾಡಿಸಿಕೊಳ್ಳಿ ಅನ್ನುತ್ತೇನೆ.

ಸರ್ಕಾರಿ ಶಿಕ್ಷಕರು ಪಾಸ್‌ಪೋರ್ಟಿಗೆ ಮುಂಚೆ ಇಲಾಖೆಗೆ ತಿಳಿಸಿದ ಪತ್ರ ಅಥವಾ ನಿರಾಕ್ಷೇಪಣಾ ಪತ್ರ ಕೊಡಬೇಕು. ಹೊರಗೆ ಕೆಲಸಕ್ಕೆ ಹೋಗಲು ಅನುಮತಿ ಬೇರೆಯೇ ಬೇಕು. ಹೇಳದೆ ಕೇಳದೆ ರಜೆ ಹಾಕಿ ಹೋಗಿ ಸೇವೆಯನ್ನೇ ಕಳೆದುಕೊಳ್ಳಬೇಡಿ. ನಿಜ ಹೇಳಬೇಕೆಂದರೆ, ಕಾಯಂ ಸರ್ಕಾರಿ ಕೆಲಸ ಇರುವವರು ಕೊಲ್ಲಿಯ ಭಾರತೀಯ ಶಾಲೆಗೆ ಹೋಗುವುದು ಲಾಭದ ಮಾತಲ್ಲ. ಈ ದಾರಿ ಖಾಸಗಿ ಶಾಲೆಗಳಲ್ಲಿ ದುಡಿಯುವ ನನ್ನಂಥವರಿಗೆ.

ಹೆಜ್ಜೆ 4: ಪ್ರಮಾಣಪತ್ರಕ್ಕೆ ಮೊಹರು

ಪ್ರಮಾಣಪತ್ರ ಅಸಲಿ ಎಂದು ಸರ್ಕಾರಿ ಕಚೇರಿಗಳು ದೃಢೀಕರಿಸಿ ಒತ್ತುವ ಮೊಹರು ಇದು. ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವುದು ಇದೇ.

ಮೊದಲು ಘಟಿಕೋತ್ಸವದ ಪ್ರಮಾಣಪತ್ರ ನಿಮ್ಮ ಕೈಯಲ್ಲಿದೆಯೇ ನೋಡಿ. ನಮ್ಮಲ್ಲಿ ತಾತ್ಕಾಲಿಕ ಪ್ರಮಾಣಪತ್ರದ ಮೇಲೇ ಹದಿನೈದು ವರ್ಷ ಕೆಲಸ ಮಾಡಿದವರಿದ್ದಾರೆ. ವಿದೇಶಕ್ಕೆ ಅದು ನಡೆಯುವುದಿಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಅದಕ್ಕಿಂತ ಮೊದಲು ಬಳ್ಳಾರಿ, ಕೊಪ್ಪಳದಲ್ಲಿ ಓದಿದವರ ಡಿಗ್ರಿ ಗುಲಬರ್ಗಾ ವಿಶ್ವವಿದ್ಯಾಲಯದ್ದು, ರಾಯಚೂರಿನವರದು ಇನ್ನೂ ಹತ್ತು ವರ್ಷ ಮುಂದಕ್ಕೂ ಅದೇ. ಅಂದರೆ ಕಲಬುರಗಿಗೆ ಹೋಗಬೇಕು. ನನ್ನ ಬಿ.ಎಸ್ಸಿ ಕಲಬುರಗಿಯದು, ಬಿ.ಎಡ್ ಬಳ್ಳಾರಿಯದು, ಎರಡೂ ಕಡೆ ತಿರುಗಿದೆ. ಇನ್ನೊಂದು ಎಚ್ಚರ: ಅನಂತಪುರದಲ್ಲೂ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ನಮ್ಮ ಗಡಿಭಾಗದವರು ಅಲ್ಲೂ ಓದಿದ್ದಾರೆ. ಅರ್ಜಿಯಲ್ಲಿ ‘ವಿಜಯನಗರ’ ಎಂಬ ಪದವನ್ನೂ ಊರನ್ನೂ ಬಿಡದೆ ಬರೆಯಿರಿ, ಇಲ್ಲದಿದ್ದರೆ ಪರಿಶೀಲನೆಯ ಪತ್ರ ಬೇರೆ ರಾಜ್ಯಕ್ಕೆ ಹೋದೀತು.

ಮೊಹರಿನ ನಿಯಮ ಸರಳ: ಪ್ರಮಾಣಪತ್ರ ಯಾವ ರಾಜ್ಯದ್ದೋ ಅದೇ ರಾಜ್ಯದಲ್ಲಿ ಮೊದಲ ಮೊಹರು. ಕರ್ನಾಟಕದ್ದಾದರೆ ಬೆಂಗಳೂರಿನಲ್ಲಿ ಉನ್ನತ ಶಿಕ್ಷಣ ಇಲಾಖೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ ಅಂತ ಅಲ್ಲಿಗೆ ಹೋದರೆ ಕೆಲಸವಾಗದು. ಹಾಗೆಯೇ ಬಿ.ಎಡ್ ಅನ್ನು ಕರ್ನೂಲಿನಲ್ಲೋ ಮೆಹಬೂಬ್‌ನಗರದಲ್ಲೋ ಮಾಡಿದವರು ಬೆಂಗಳೂರಿಗೆ ಹೋಗಿಯೂ ಪ್ರಯೋಜನವಿಲ್ಲ. ರಾಜ್ಯದ ಮೊಹರಾದ ಮೇಲೆ ವಿದೇಶಾಂಗ ಸಚಿವಾಲಯದ್ದು. ಅದಕ್ಕೆ ಸಚಿವಾಲಯ ನೇಮಿಸಿದ ಸಂಗ್ರಹ ಏಜೆನ್ಸಿಗಳ ಮೂಲಕವೇ ಕೊಡಬೇಕು.

ಇಲ್ಲಿಂದ ದಾರಿ ಎರಡಾಗುತ್ತದೆ. ಒಂದು ದೇಶ ದೃಢೀಕರಿಸಿದ ಕಾಗದವನ್ನು ಇನ್ನೊಂದು ದೇಶ ರಾಯಭಾರ ಕಚೇರಿಯ ಮೊಹರಿಲ್ಲದೆ ಒಪ್ಪುವ ಅಪೊಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದೆ. ಒಮಾನ್, ಬಹರೇನ್, ಇಂಗ್ಲೆಂಡ್, 2022ರ ಕೊನೆಯಿಂದ ಸೌದಿ ಅರೇಬಿಯಾ, ಇವೂ ಅದರಲ್ಲಿವೆ. ಆ ದೇಶಗಳಿಗೆ ಸಚಿವಾಲಯದ ಅಪೊಸ್ಟಿಲ್ ಚೀಟಿ ಅಂಟಿದರೆ ಮುಗಿಯಿತು. ಎಮಿರೇಟ್ಸ್, ಕತಾರ್, ಕುವೈತ್ ಅದರಲ್ಲಿಲ್ಲ. ಅವಕ್ಕೆ ಸಚಿವಾಲಯದ ನಂತರ ಆ ದೇಶದ ರಾಯಭಾರ ಕಚೇರಿಯ ಮೊಹರೂ ಬೇಕು, ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯದೂ ಬೇಕು. ಹೆಚ್ಚು ಹಣ ಹೋಗುವುದು ರಾಯಭಾರ ಕಚೇರಿಯ ಹಂತದಲ್ಲಿ.

ರೆಗ್ಯುಲರ್ ಆಗಿ ಓದಿದ್ದೇ, ದೂರ ಶಿಕ್ಷಣವೇ ಎಂದು ಶಾಲೆಗಳು ಕೇಳುತ್ತವೆ. ಕಲಬುರಗಿಗೋ ಬಳ್ಳಾರಿಗೋ ಹೋದಾಗಲೇ ‘ನಿಯಮಿತ ಕೋರ್ಸ್’ ಎಂದು ವಿಶ್ವವಿದ್ಯಾಲಯದಿಂದ ಪತ್ರ ಪಡೆದು ಬಂದುಬಿಡಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2013-14ರಿಂದ 2018-19ರಲ್ಲಿ ಮರಳಿ ಸಿಗುವವರೆಗೆ ಯುಜಿಸಿ ಮಾನ್ಯತೆ ಇರಲಿಲ್ಲ. ಆ ವರ್ಷಗಳ ಡಿಗ್ರಿ ಇರುವವರು ಕೆಲಸ ಹುಡುಕುವ ಮೊದಲೇ ಶಾಲೆಗೆ ತಿಳಿಸಿ.

ಈಗ ನಮ್ಮ ಮನೆಯಲ್ಲಿ ಏನಾಯಿತು ಹೇಳುತ್ತೇನೆ. ನಮ್ಮ ಮನೆಯವರ ಬಿ.ಕಾಂ ಪ್ರಮಾಣಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿದ್ದರು. ಪಾಸಾದ ಖುಷಿಗೆ, ಹಾಳಾಗದಿರಲಿ ಅಂತ, ಮಾವನವರೇ ಮಾಡಿಸಿದ್ದು. ಮೊಹರು ಒತ್ತುವುದು ಕಾಗದದ ಹಿಂಬದಿಗೆ. ಪ್ಲಾಸ್ಟಿಕ್ಕಿನ ಮೇಲೆ ಯಾರೂ ಒತ್ತುವುದಿಲ್ಲ. ಅವರು ಜೆರಾಕ್ಸ್ ಅಂಗಡಿಗೆ ತೆಗೆದುಕೊಂಡು ಹೋಗಿ, ಬಿಸಿ ಮಾಡಿ ಬಿಡಿಸಲು ಹೇಳಿದರು. ಒಂದು ಮೂಲೆ ಚೆನ್ನಾಗಿ ಎದ್ದಿತು. ಎರಡನೇ ಮೂಲೆ ಎಳೆಯುವಾಗ ಕುಲಪತಿಗಳ ಸಹಿ, ಮುದ್ರೆಯ ಅರ್ಧ ಭಾಗ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಬಂತು. ವಿಡಿಯೋ ಕಾಲ್‌ನಲ್ಲಿ ನನಗೆ ಅದನ್ನು ತೋರಿಸುವಾಗ ಅವರ ಕೈ ನಡುಗುತ್ತಿತ್ತು. ಠಾಣೆಗೆ, ನೋಟರಿಗೆ, ಕಲಬುರಗಿಗೆ ಓಡಾಡಿ ನಕಲು ಪ್ರಮಾಣಪತ್ರ ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ನಿಮ್ಮ ಮನೆಯಲ್ಲಿ ಲ್ಯಾಮಿನೇಶನ್ ಆದ ಪ್ರಮಾಣಪತ್ರ ಇದ್ದರೆ ಕೈ ಹಾಕಬೇಡಿ. ನೇರವಾಗಿ ನಕಲಿಗೆ ಅರ್ಜಿ ಹಾಕಿ, ಇವತ್ತೇ ಹಾಕಿ.

ಹೆಜ್ಜೆ 5: ಮದುವೆಯ ಪ್ರಮಾಣಪತ್ರ

ಲಗ್ನಪತ್ರಿಕೆ, ಕಲ್ಯಾಣ ಮಂಟಪದ ರಸೀದಿ, ಫೋಟೋ ಆಲ್ಬಮ್, ಯಾವುದೂ ವೀಸಾಕ್ಕೆ ಆಧಾರವಲ್ಲ. ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರವೇ ಬೇಕು. ಮದುವೆಯಾಗಿ ಎಷ್ಟು ವರ್ಷವಾಗಿದ್ದರೂ ನೋಂದಾಯಿಸಬಹುದು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಅರ್ಜಿ ಹಾಕಬಹುದು. ಹೆಸರು ಇಬ್ಬರ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರಬೇಕು, ಆದ್ದರಿಂದ ಪಾಸ್‌ಪೋರ್ಟ್ ಬಂದ ಮೇಲೆ ಇದನ್ನು ಮಾಡಿಸಿ. ಇದಕ್ಕೆ ರಾಜ್ಯದ ಮೊಹರು ಶಿಕ್ಷಣ ಇಲಾಖೆಯದಲ್ಲ, ಗೃಹ ಇಲಾಖೆಯದು. ಮುಂದಿನ ಹಂತಗಳು ಡಿಗ್ರಿಯಂತೆಯೇ. ಮಕ್ಕಳಿದ್ದರೆ ಅವರ ಜನನ ಪ್ರಮಾಣಪತ್ರವನ್ನೂ ಇದರ ಜೊತೆಗೇ ಕಳಿಸಿ, ಓಡಾಟ ಒಂದಾಗುತ್ತದೆ. ಶಾಲೆಗೆ ಹೋಗುವ ಮಕ್ಕಳಾದರೆ ವರ್ಗಾವಣೆ ಪ್ರಮಾಣಪತ್ರಕ್ಕೆ ಶಿಕ್ಷಣ ಇಲಾಖೆಯ ಮೇಲುರುಜು ಮಾಡಿಸಿ ಇಟ್ಟುಕೊಳ್ಳಿ.

ಹೆಜ್ಜೆ 6: ಕೆಲಸ ಹುಡುಕುವ ಕಾಲ, ಏಜೆಂಟರ ವಿಚಾರ

ಕೊಲ್ಲಿಯ ಸಿಬಿಎಸ್‌ಇ ಶಾಲೆಗಳ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಅವರು ಆಳು ಹುಡುಕುತ್ತಾರೆ. ಬ್ರಿಟಿಷ್, ಅಮೆರಿಕನ್ ಪಠ್ಯಕ್ರಮದವು ಆಗಸ್ಟ್ ಕೊನೆಗೆ ಶುರು. ಮೇ ತಿಂಗಳಲ್ಲಿ ನಮ್ಮ ಶಾಲೆ ಮುಗಿಸಿ ಹುಡುಕೋಣ ಅಂದರೆ ಭಾರತೀಯ ಶಾಲೆಗಳ ಬಾಗಿಲು ಮುಚ್ಚಿರುತ್ತದೆ.

ಪ್ರತಿ ಶಾಲೆಯ ಸ್ವಂತ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ. ಸಂದರ್ಶನ ಈಗ ವಿಡಿಯೋದಲ್ಲೇ. ಆಮೇಲೆ ಹತ್ತು ಹದಿನೈದು ನಿಮಿಷದ ಮಾದರಿ ಪಾಠ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮವರು ಇಂಗ್ಲಿಷ್ ಅಂತ ಅಂಜುತ್ತಾರೆ. ಶಾಲೆಯವರು ನೋಡುವುದು ಉಚ್ಚಾರದ ಸೊಗಸಲ್ಲ, ಒಂದು ಲೆಕ್ಕವನ್ನು ಮಗುವಿಗೆ ಎರಡು ಬೇರೆ ದಾರಿಯಲ್ಲಿ ಬಿಡಿಸಿ ಹೇಳಬಲ್ಲಿರಾ ಎಂದು. ಭಿನ್ನರಾಶಿಯ ಭಾಗಾಕಾರವನ್ನು ನಾನು ರೊಟ್ಟಿ ಹಂಚುವ ಲೆಕ್ಕದಲ್ಲಿ ಇಂಗ್ಲಿಷಿನಲ್ಲೇ ಹೇಳಿದೆ. ಅದೊಂದನ್ನೇ ತಿಂಗಳುಗಟ್ಟಲೆ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ.

ಏಜೆಂಟರ ಮೂಲಕ ಹೋಗುವುದಾದರೆ ಅವರ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೀವೇ ಹುಡುಕಿ ನೋಡಿ. ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ ಮಾತ್ರ. ಒಂದೂವರೆ ಲಕ್ಷ, ಎರಡು ಲಕ್ಷ ಕೇಳುವವರನ್ನು ಬಾಗಿಲಲ್ಲೇ ಕಳಿಸಿ. ಎಮಿರೇಟ್ಸ್‌ನ 2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಕೆಲಸ ಕೊಟ್ಟವರೇ ಭರಿಸಬೇಕು, ನೌಕರರಿಂದ ವಸೂಲಿ ಮಾಡುವಂತಿಲ್ಲ. ‘ಮೊದಲು ವಿಸಿಟ್ ವೀಸಾದ ಮೇಲೆ ಹೋಗ್ರಿ, ಅಲ್ಲಿ ಬದಲಿ ಮಾಡ್ತಾರ’ ಎಂದು ಹೇಳಿ ದುಡಿಮೆಗೆ ಹಚ್ಚುವವರೂ ಇದ್ದಾರೆ. ವಿಸಿಟ್ ವೀಸಾದ ಮೇಲೆ ಕೆಲಸ ಮಾಡುವುದು ಅಲ್ಲಿ ಅಪರಾಧ, ಸಿಕ್ಕಿಬಿದ್ದರೆ ದಂಡ ತೆರುವವರು ನೀವು. ದಂಪತಿಗಳಿಗೆ ಈ ಬಲೆ ಹೆಚ್ಚು ಬೀಸುತ್ತಾರೆ, ‘ಇಬ್ಬರನ್ನೂ ಒಟ್ಟಿಗೇ ಕಳಿಸ್ತೀವಿ’ ಅಂದರೆ ಯಾರಿಗಾದರೂ ಆಸೆಯಾಗುತ್ತದೆ.

ಹೆಜ್ಜೆ 7: ಆಫರ್ ಪತ್ರವನ್ನು ಇಬ್ಬರೂ ಕೂತು ಓದಿ

ನಾನು ಒಟ್ಟು ಸಂಬಳ ಮಾತ್ರ ನೋಡಿದ್ದೆ. ನೋಡಬೇಕಾದದ್ದು ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂದು. ಎಮಿರೇಟ್ಸ್‌ನಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೂಲ ವೇತನದ ಮೇಲೆ ಲೆಕ್ಕ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. 3,800ರಲ್ಲಿ ಮೂಲ ವೇತನ 1,600 ಮಾತ್ರ ಇದ್ದರೆ ಐದು ವರ್ಷದ ಕೊನೆಗೆ ಕೈಗೆ ಬರುವುದು ತೀರ ಕಡಿಮೆ. ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಪಾಸ್‌ಪೋರ್ಟನ್ನು ಶಾಲೆ ಇಟ್ಟುಕೊಳ್ಳುವಂತಿಲ್ಲ. ಬೇಸಿಗೆ ರಜೆಯ ಸಂಬಳ ಮೊದಲ ವರ್ಷವೂ ಪೂರ್ತಿ ಬರುತ್ತದೆಯೇ ಕೇಳಿ.

ದಂಪತಿಗಳು ಇನ್ನೂ ಮೂರು ಮಾತು ಕೇಳಬೇಕು. ವಸತಿ ಕುಟುಂಬದ್ದೋ, ಹಂಚಿಕೆಯದೋ? ನನಗೆ ಸಿಕ್ಕದ್ದು ನಾಲ್ವರು ಶಿಕ್ಷಕಿಯರ ಫ್ಲ್ಯಾಟಿನಲ್ಲಿ ಒಂದು ಮಂಚ. ಅಲ್ಲಿ ಗಂಡ ಒಂದು ರಾತ್ರಿಯೂ ಇರುವಂತಿಲ್ಲ. ವಸತಿ ಬೇಡವೆಂದರೆ ಭತ್ಯೆ ಕೊಡುತ್ತೀರಾ, ಎಷ್ಟು? ಸಂಗಾತಿಯ ವೀಸಾ, ಆರೋಗ್ಯ ವಿಮೆಯ ಖರ್ಚು ಯಾರದು? ಉತ್ತರ ಫೋನಿನಲ್ಲಿ ಬೇಡ, ಇಮೇಲ್‌ನಲ್ಲಿ ಬರಲಿ.

ಗರ್ಭಿಣಿಯಾಗುವ ಯೋಚನೆ ಇರುವವರು ಇದನ್ನೂ ತಿಳಿದಿರಿ. ಅಲ್ಲಿ ಹೆರಿಗೆ ರಜೆ 60 ದಿನ, ಅದರಲ್ಲಿ 45 ದಿನ ಪೂರ್ತಿ ಸಂಬಳ, 15 ದಿನ ಅರ್ಧ. ತವರಿಗೆ ಬಂದು ಬಾಣಂತನ ಮುಗಿಸಿಕೊಳ್ಳುವ ನಮ್ಮ ರೂಢಿಗೆ ಇದು ಸಾಲದು. ಜೊತೆಗೆ ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗೆ ಉಳಿದರೆ ವಾಸದ ವೀಸಾ ರದ್ದಾಗುತ್ತದೆ. ಮಗು ಅಲ್ಲೇ ಹುಟ್ಟಿದರೆ 120 ದಿನದೊಳಗೆ ಮಗುವಿನ ವೀಸಾ ಆಗಬೇಕು. ಇಂಥ ಮಾತನ್ನು ಅವ್ವ, ಅತ್ತೆಯರ ಜೊತೆ ಮೊದಲೇ ಆಡುವುದು ಒಳ್ಳೆಯದು.

ಹೆಜ್ಜೆ 8: ಊರಿನ ಹಣ, ಹೊಲ, ಹಿರಿಯರು

ಹೊರಗೆ ಕೆಲಸಕ್ಕೆ ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಯ ಊರಿನ ಆದಾಯಕ್ಕಿರುವ ಖಾತೆಯಾಗಿ, ಬದಲಿಸಬೇಕು. ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆಗೆಯಿರಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಈಗಿರುವ ಪಿಪಿಎಫ್ ಅವಧಿ ಮುಗಿಯುವವರೆಗೆ ನಡೆಸಬಹುದು, ಹೊಸದು ತೆಗೆಯುವಂತಿಲ್ಲ.

ಹೊಲದ ವಿಚಾರ ನಮ್ಮವರಿಗೆ ದೊಡ್ಡದು. ಅನಿವಾಸಿಯಾದ ಮೇಲೆ ಕೃಷಿ ಭೂಮಿ ಕೊಳ್ಳಲು ಕಾನೂನು ಬಿಡುವುದಿಲ್ಲ. ಮೊದಲೇ ಇದ್ದದ್ದು ಇಟ್ಟುಕೊಳ್ಳಬಹುದು, ಹಿರಿಯರಿಂದ ಬಂದದ್ದು ಪಡೆಯಬಹುದು. ಕೊಲ್ಲಿಯಲ್ಲಿ ದುಡಿದು ಕಾಲುವೆ ಕೆಳಗೆ ಎರಡು ಎಕರೆ ಗದ್ದೆ ಹಿಡಿಯೋಣ ಎಂಬುದು ಅನೇಕರ ಕನಸು. ಅದು ಅನಿವಾಸಿಯಾಗಿ ಇರುವಷ್ಟು ದಿನ ಆಗದು. ಅಣ್ಣತಮ್ಮಂದಿರ ಜೊತೆ ಜಂಟಿ ಪಹಣಿ ಇದ್ದರೆ ಹೊರಡುವ ಮೊದಲೇ ಭಾಗದ ಮಾತು ಮುಗಿಸಿ. ಇಲ್ಲದಿದ್ದರೆ ಬ್ಯಾಂಕಿನ, ಭೂಮಿಯ ಕೆಲಸಕ್ಕೆ ನಂಬಿಕೆಯ ಒಬ್ಬರಿಗೆ ಯಾವ ಕೆಲಸಕ್ಕೆಂದು ಸ್ಪಷ್ಟವಾಗಿ ಬರೆದ ಅಧಿಕಾರ ಪತ್ರ ಕೊಡಿ. ಎಲ್ಲಕ್ಕೂ ಸೇರಿಸಿ ಒಂದೇ ಅಧಿಕಾರ ಪತ್ರ ಯಾರಿಗೂ ಬೇಡ.

ಹಿರಿಯರ ಔಷಧ, ದವಾಖಾನೆಗೆ ಕರೆದುಕೊಂಡು ಹೋಗುವವರು ಯಾರು, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಯಾರ ಬಳಿ ಇರುತ್ತದೆ, ಇದನ್ನು ಬರೆದು ಗೋಡೆಗೆ ಅಂಟಿಸಿ. ನಿಮ್ಮ ಭಾರತದ ಸಿಮ್ ಸಾಯದಂತೆ ರೀಚಾರ್ಜ್ ಮಾಡುತ್ತಿರಿ, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

ಹೆಜ್ಜೆ 9: ಗಂಟು ಕಟ್ಟುವುದು, ತಲುಪುವುದು

ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಧಾರಾಳವಾಗಿ ಕಟ್ಟಿಕೊಳ್ಳಿ. ಗಸಗಸೆ ಮಾತ್ರ ಒಂದು ಕಾಳೂ ಬೇಡ. ಎಮಿರೇಟ್ಸ್‌ನಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಎಲೆಯಡಿಕೆಯೂ ಬೇಡ. ನಮ್ಮವ್ವ ಮಸಾಲೆ ಪುಡಿಗೆ ಗಸಗಸೆ ಹಾಕುವವರು. ಹೊರಡುವ ಹಿಂದಿನ ರಾತ್ರಿ ಕೇಳಿ, ಆ ಡಬ್ಬಿಯನ್ನೇ ತೆಗೆದಿಟ್ಟೆ. ನೋವಿನ, ಕೆಮ್ಮಿನ ಕೆಲವು ಔಷಧಗಳಿಗೂ ಅಲ್ಲಿ ನಿರ್ಬಂಧವಿದೆ, ವೈದ್ಯರ ಚೀಟಿ ಇಂಗ್ಲಿಷಿನಲ್ಲಿ ಜೊತೆಗಿರಲಿ. ಮೂಲ ಪ್ರಮಾಣಪತ್ರಗಳು ಕೈಚೀಲದಲ್ಲಿ, ಎಂದಿಗೂ ಲಗೇಜಿನಲ್ಲಲ್ಲ.

ಹೋದ ಮೇಲೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು, ಎಮಿರೇಟ್ಸ್ ಐಡಿ. ಇವೆಲ್ಲ ಶಾಲೆಯವರೇ ಮಾಡಿಸುತ್ತಾರೆ. ಎಚ್‌ಐವಿ, ಕ್ಷಯದ ಪರೀಕ್ಷೆ ಅಲ್ಲಿ ಆಗಿಯೇ ಆಗುತ್ತದೆ, ಆದ್ದರಿಂದ ಊರಲ್ಲೇ ಒಮ್ಮೆ ಇಬ್ಬರೂ ಪರೀಕ್ಷಿಸಿಕೊಂಡು ಹೊರಡಿ. ಮನೆ ಬಾಡಿಗೆಯನ್ನು ತಿಂಗಳಿಗಲ್ಲ, ವರ್ಷಕ್ಕೆ ಮಾತಾಡಿ, ನಾಲ್ಕೋ ಆರೋ ಮುಂದಿನ ದಿನಾಂಕದ ಚೆಕ್ ಕೊಡುವ ಪದ್ಧತಿ. ಅದರ ಜೊತೆಗೆ ಠೇವಣಿ, ದಲ್ಲಾಳಿ. ನಮ್ಮ ಮನೆಯವರು ಬಂದ ಮೇಲೆ ಒಂದು ಕೋಣೆಯ ಮನೆ ಹಿಡಿಯಲು ಮೂರು ತಿಂಗಳ ಬಾಡಿಗೆಯಷ್ಟು ಹಣ ಕೈಯಲ್ಲಿ ಬೇಕಾಯಿತು. ಅಷ್ಟನ್ನು ಕೂಡಿಟ್ಟೇ ಸಂಗಾತಿಯನ್ನು ಕರೆಸಿಕೊಳ್ಳಿ. ಸಂಬಳದ ತಕರಾರು ಬಂದರೆ ಅಲ್ಲಿನ ಕಾರ್ಮಿಕ ಇಲಾಖೆಗೆ, ನಮ್ಮ ದೂತಾವಾಸದ ನೆರವಿಗೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ಗೆ ದೂರು ಕೊಡಬಹುದು.

ಹೆಜ್ಜೆ 10: ಹಿಂದೆ ಉಳಿದವರ ತಿಂಗಳುಗಳು

ಜೊತೆಗೆ ಹೋಗಲಾಗದ ಸಂಗಾತಿಯ ಕಾಲ ಬರೀ ಕಾಯುವುದರಲ್ಲಿ ಕಳೆಯಬಾರದು. ಮೊದಲ ಎರಡು ತಿಂಗಳು ನಮ್ಮ ಮನೆಯವರು ಯಾರ ಮದುವೆಗೂ ಹೋಗಲಿಲ್ಲ. ಹೋದಲ್ಲೆಲ್ಲ “ಹೆಂಡ್ತಿ ದುಬೈದಾಗ, ನೀ ಇಲ್ಲಿ?” ಎಂದು ಕೇಳುತ್ತಿದ್ದರು. ಮನಸ್ಸಿಗೆ ಬಹಳ ಹಚ್ಚಿಕೊಂಡಿದ್ದರು. ಆಮೇಲೆ ಒಂದು ದಿನ ನಾನು ಶಾರ್ಜಾದ ಅಂಗಡಿಯ ಬಿಲ್ಲೊಂದರ ಫೋಟೋ ಕಳಿಸಿದೆ. ಅದರಲ್ಲಿ 5 ಶೇಕಡಾ ವ್ಯಾಟ್ ಇತ್ತು. ಎಮಿರೇಟ್ಸ್‌ನಲ್ಲಿ ವ್ಯಾಟ್ ಬಂದದ್ದು 2018ರಲ್ಲಿ, 2023ರ ಜೂನ್‌ನಿಂದ ಕಂಪನಿಗಳ ಲಾಭದ ಮೇಲೆ 9 ಶೇಕಡಾ ತೆರಿಗೆಯೂ ಬಂತು. ಲೆಕ್ಕ ಬಲ್ಲವರಿಗೆ ಕೆಲಸವಿದೆ ಎಂದು ಅವರಿಗೆ ಆ ಬಿಲ್ಲಿನಿಂದಲೇ ಹೊಳೆಯಿತು. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ಅವರಿಗೆ ಮೊದಲೇ ಗೊತ್ತಿತ್ತು, ವ್ಯಾಟ್ ರಿಟರ್ನ್ ಹಾಕುವುದನ್ನು ರಾತ್ರಿ ಕೂತು ಕಲಿತರು. ನಕಲು ಪ್ರಮಾಣಪತ್ರ, ಮೊಹರು, ಸಂದರ್ಶನ ಎಲ್ಲ ಒಂದಾದ ಮೇಲೊಂದು ಮುಗಿದು ನವೆಂಬರ್‌ನಲ್ಲಿ ಸ್ವಂತ ಕೆಲಸದ ವೀಸಾದ ಮೇಲೆ ಬಂದಿಳಿದರು.

ಗಂಡನ ವೀಸಾದ ಮೇಲೆ ಬರುವ ಹೆಂಡತಿಯರಿಗೂ ಇದೇ ಮಾತು. ಆ ವೀಸಾದಲ್ಲಿ ಇದ್ದುಕೊಂಡೇ ಪರ್ಮಿಟ್ ಪಡೆದು ಕೆಲಸ ಮಾಡಬಹುದು. ಆದ್ದರಿಂದ ಅವರ ಪ್ರಮಾಣಪತ್ರಗಳಿಗೂ ಊರಲ್ಲೇ ಮೊಹರು ಹಾಕಿಸಿ ತನ್ನಿ. ಅಲ್ಲಿಂದ ಮಾಡಿಸಲು ಹೋದರೆ ಕಾಗದ ಊರಿಗೆ ಕಳಿಸಬೇಕು, ಯಾರನ್ನೋ ಓಡಾಡಿಸಬೇಕು. ಒಂಟಿತನಕ್ಕೆ ಮದ್ದೂ ಇದೆ. ದುಬೈಯಲ್ಲಿ ಕನ್ನಡ ಮಿತ್ರರು ಬಳಗದವರು ಮಕ್ಕಳಿಗೆ ಉಚಿತವಾಗಿ ಕನ್ನಡ ಪಾಠಶಾಲೆ ನಡೆಸುತ್ತಾರೆ. ಕನ್ನಡ ಮಾತಾಡುವ ಮನೆಗಳ ಪರಿಚಯಕ್ಕೆ ಅಂಥ ಜಾಗಗಳೇ ದಾರಿ.

ಎಮಿರೇಟ್ಸ್‌ನ ಗಡಿಯಾರ ಊರಿಗಿಂತ ಒಂದೂವರೆ ತಾಸು ಹಿಂದೆ. ನಾವು ಸಂಜೆ ಏಳಕ್ಕೆ ಫೋನ್ ಹಚ್ಚಿದರೆ ಅತ್ತೆಯವರ ಊಟ ಮುಗಿದಿರುತ್ತದೆ. ಈಗ ಅವರು ಕೇಳುವುದು ಬೇರೆ: “ಜುಲೈದಾಗ ಇಬ್ರೂ ಕೂಡೇ ಬರ್ತೀರಲ್ಲಾ?” ಜುಲೈ ರಜೆಯ ಟಿಕೆಟ್ ದರ ಏಪ್ರಿಲ್ ದಾಟಿದರೆ ಏರಿಬಿಡುತ್ತದೆ. ಎರಡೂ ಟಿಕೆಟನ್ನು ಫೆಬ್ರವರಿಯಲ್ಲೇ ತೆಗೆದುಬಿಡಿ. ಬೆಂಗಳೂರಿಗೆ ಇಳಿದರೆ ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳ ಮುಟ್ಟಿಸುತ್ತದೆ, ರಾಯಚೂರಿನವರಿಗೆ ಹೈದರಾಬಾದ್ ವಿಮಾನವೇ ಹತ್ತಿರ.